ಗರಿ ಹೊಲಿದ ಕೈ

ಮಖಮಲ್ಲು ಬಿಟ್ಟಿ ಸಿಕ್ಕಿತು, ರಂಗಮಂದಿರದ ಹರಿದ ಪರದೆಯದು. ತಂತಿಯನ್ನು ದೀಪದವನ ಪೆಟ್ಟಿಗೆಯಿಂದ ಕಾಡಿ ಬೇಡಿ ತಂದದ್ದಾಯಿತು. ಅಂಚು ಸೆಟೆದು ನಿಲ್ಲಲು ಬೇಕಾದ ಬಕ್ರಂ ಬಟ್ಟೆಗೆ ಸ್ವಲ್ಪ ಕೊಡಬೇಕಾಯಿತು; ಗರಿಯೊಂದಕ್ಕೇ ಅದರ ನಾಲ್ಕು ಪಟ್ಟು. ಕೂಲಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಾಟಕದಲ್ಲಿ ಬರುವ, ಮುನ್ನೂರು ವರ್ಷದ ಹಿಂದಿನ ರಾಣಿಯೊಬ್ಬಳ ಟೋಪಿ ಅದು. ಅಗಲವಾದ ಅಂಚು, ಅದನ್ನು ಒಂದು ಪಕ್ಕ ಮೇಲಕ್ಕೆತ್ತಿ ಕಟ್ಟಬೇಕು. ಆ ತಿರುವಿನಲ್ಲಿ ಮಷೀನು ಹಾಯಿಸಿದರೆ ಸೂಜಿ ಮುರಿಯುತ್ತದೆ. ಹಾಗಾಗಿ ನಾಟಕ ತಂಡದ ಉಡುಪು ಹೊಲಿಯುವ ಟೈಲರಕ್ಕ ಅದನ್ನು ಪೂರ್ತಿ ಕೈಯಲ್ಲೇ ಹೊಲಿಯುತ್ತಿದ್ದಳು. ನಾಟಕದ ದಿನ ಮಧ್ಯಾಹ್ನದ ಹೊತ್ತಿಗೆ ಅವಳ ಹೆಬ್ಬೆರಳು ಬದನೆಕಾಯಿಯ ಹಾಗೆ ಊದಿಕೊಂಡಿತ್ತು. ಗರಿ ಇನ್ನೂ ಮೇಜಿನ ಮೇಲೇ ಇತ್ತು.

“ಕೊಡಮ್ಮ ಇಲ್ಲಿ, ನಾನು ಹೊಲೀತೀನಿ,” ಎಂದಳು ಮಗಳು.

ಟೈಲರಕ್ಕನ ಕೈ ತಕ್ಷಣ ಮುಂದೆ ಬರಲಿಲ್ಲ. ಮಗಳು ಅದೇ ತಂಡದಲ್ಲಿ ಪಾತ್ರ ಮಾಡುವವಳು. ರಾಣಿಯ ಪಾತ್ರ ತನಗೇ ಎಂದು ನಂಬಿ ಮಾತನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು. ನಾಟಕ ಆಡಿಸುವ ಮೇಷ್ಟ್ರು ಅದನ್ನು ಇನ್ನೊಬ್ಬ ಹುಡುಗಿಗೆ ಕೊಟ್ಟರು. ಮೂಗು ಸ್ವಲ್ಪ ಬಾಗಿದ್ದರಿಂದ ಎಲ್ಲರೂ ಆ ಹುಡುಗಿಯನ್ನು ಗಿಣಿ ಎಂದು ಕರೆಯುತ್ತಿದ್ದರು. ಮಗಳ ಪಾಲಿಗೆ ಬಂದದ್ದು ದಾಸಿಯ ಪಾತ್ರ. ಆ ಟೋಪಿಯನ್ನು ತಂದು ರಾಣಿಯ ತಲೆಗಿಡುವುದಷ್ಟೇ ಅವಳ ಕೆಲಸ, ಮಾತು ಒಂದೂ ಇಲ್ಲ. ಪಾತ್ರ ಹಂಚಿದ ದಿನ ಮನೆಗೆ ಬಂದವಳು ಚಪ್ಪಲಿ ಬಿಡುತ್ತಾ, ಟೋಪಿ ಅವಳ ತಲೆ ಮೇಲೆ ಹೇಗೆ ನಿಲ್ಲುತ್ತೋ ನೋಡೇಬಿಡ್ತೀನಿ ಎಂದಿದ್ದಳು. ಆಮೇಲೆ ಆ ವಿಷಯ ಎತ್ತಲೇ ಇಲ್ಲ. ಕೂಗಾಡುವ ಮಗಳನ್ನು ತಾಯಿ ಹೇಗೋ ಸಂಭಾಳಿಸಬಲ್ಲಳು. ಬಾಯಿ ಮುಚ್ಚಿಕೊಂಡವಳ ಹೊಟ್ಟೆಯೊಳಗೆ ಇಳಿದು ನೋಡುವುದು ಯಾರಿಂದಾದೀತು?

ಆದರೆ ಬೆರಳು ಕೇಳಬೇಕಲ್ಲ. ಕೊಟ್ಟಳು. ಮಗಳು ಬೆಳಕಿಗೆಂದು ಕಿಟಕಿಯ ಕಡೆ ತಿರುಗಿ, ಬೆನ್ನು ಹಾಕಿ ಕುಳಿತಳು. ಗಿಣಿಗೆ ತಾಲೀಮಿನಿಂದ ಬಿಡುವಿಲ್ಲದೆ, ಟೋಪಿಯನ್ನು ಇಟ್ಟು ಅಳತೆ ನೋಡಿದ್ದೆಲ್ಲ ಮಗಳ ತಲೆಯ ಮೇಲೇ. ಇಬ್ಬರದೂ ಒಂದೇ ಸುತ್ತಳತೆ.

“ತಲೆ ಅಳತೆ ಒಂದೇ ಆದ್ರೆ ಸಾಕಾ? ಒಳಗಿರೋ ಸಾಮಾನೂ ಮೇಷ್ಟ್ರು ಅಳೀಬೇಕಿತ್ತು,” ಎಂದಳು ಮಗಳು, ದಾರ ಕಚ್ಚುತ್ತಾ.

ಟೈಲರಕ್ಕ ನಕ್ಕಳು. ನಕ್ಕರೂ ಕಣ್ಣು ಆ ಬೆನ್ನಿನ ಮೇಲೇ ಇತ್ತು. ಕೊನೆಯ ದೃಶ್ಯದಲ್ಲಿ ರಾಣಿ ಮಂಡಿಯೂರಿ ತಲೆ ಬಾಗಿಸುತ್ತಾಳೆ, ಗರಿ ಅಲ್ಲಿ ಕಳಚಿ ಬಿದ್ದರೆ ಅಳಬೇಕಾದ ಜನ ನಗುತ್ತಾರೆ, ಗಟ್ಟಿಯಾಗಿ ಹಾಕು ಎಂದು ಎಚ್ಚರಿಸಿದಳು. ಗೊತ್ತು ಎಂದಳು ಮಗಳು. ಹೊಲಿದು ಮುಗಿಸಿ, ಟೋಪಿಯನ್ನು ಮೇಜಿನ ಮೇಲಿಟ್ಟು, ದಾಸಿಯ ಬಟ್ಟೆ ತೊಡಲು ಹೋದಳು.

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಟೈಲರಕ್ಕ ಎದ್ದು ಬಾಗಿಲಾಚೆ ಒಮ್ಮೆ ಇಣುಕಿ ಬಂದಳು. ಗರಿಯ ಬುಡವನ್ನು ಎರಡು ಬೆರಳಲ್ಲಿ ಹಿಡಿದು ಎಳೆದಳು. ಅಲುಗಲಿಲ್ಲ. ಇನ್ನೂ ಜೋರಾಗಿ ಎಳೆದಳು. ಟೋಪಿಯೇ ಎದ್ದು ಬಂತು, ಗರಿ ಬರಲಿಲ್ಲ. ಆದರೂ ಮನಸ್ಸು ತಡೆಯದೆ ಒಳಗಿನ ಅಸ್ತರನ್ನು ಮಗುಚಿ ನೋಡಿದಳು. ಹೊಲಿಗೆ ಹೊಲಿಗೆಗೂ ಗಂಟು. ಅಷ್ಟೇ ಅಲ್ಲ, ತಲೆಯ ಸುತ್ತಿಗೆ ಹಾಕಿದ್ದ ತಂತಿಯ ಎರಡು ತುದಿ ಕೂಡುವ ಕಡೆ, ಸರಿಯಾಗಿ ಹಣೆಯ ನೇರಕ್ಕೆ, ಮೆತ್ತನೆಯ ಬಟ್ಟೆಯ ಚೂರೊಂದನ್ನು ಮಡಚಿ ಹೊಲಿದಿದ್ದಳು ಮಗಳು. ಅಲ್ಲಿ ತಂತಿ ಚುಚ್ಚುತ್ತದೆ ಎಂಬುದು ಟೈಲರಕ್ಕನಿಗೆ ಹೊಳೆದೇ ಇರಲಿಲ್ಲ. ಅಳತೆ ನೋಡುವಾಗೆಲ್ಲ ಚುಚ್ಚಿಸಿಕೊಂಡ ಹಣೆಗೆ ಮಾತ್ರ ಅದು ಗೊತ್ತು.

ತಲೆಯೆತ್ತಿದಾಗ ಮಗಳು ಬಾಗಿಲಲ್ಲಿ ನಿಂತಿದ್ದಳು.

“ಎಲ್ಲಾ ಟೋಪೀನೂ ಎಳೆದು ನೋಡ್ತೀನಲ್ಲೇ,” ಎಂದಳು ತಾಯಿ. “ಕೆಲಸದ ರೂಢಿ.”

“ಹೌದಮ್ಮ. ಹಾಕ್ಕೊಳ್ಳೋರ ಎದುರಿಗೇ ಎಳೀತೀಯ, ತಮಾಷೆ ಮಾಡ್ಕೊಂಡು. ಇದಕ್ಕೆ ಮಾತ್ರ ನೀನು ಬಾಗಿಲಾಚೆ ಇಣುಕಿದ್ದು ಕಾಣಿಸ್ತು.”

ಆಚೆ ಗಂಟೆ ಹೊಡೆಯಿತು. ಮಗಳು ಟೋಪಿ ತೆಗೆದುಕೊಂಡು ಹೊರಟುಹೋದಳು. ರಂಗದ ಮೇಲೆ ಅದನ್ನು ಗಿಣಿಯ ತಲೆಗಿಟ್ಟು, ಆ ಮೆತ್ತನೆಯ ಚೂರು ಹಣೆಗೆ ಸರಿಯಾಗಿ ಬರುವ ಹಾಗೆ ಕೊಂಚವೇ ತಿರುಗಿಸಿದ್ದನ್ನು ಪರದೆಯ ಸಂದಿಯಿಂದ ಕಂಡವಳು ತಾಯಿ ಒಬ್ಬಳೇ. ಕೊನೆಯಲ್ಲಿ ರಾಣಿ ತಲೆ ಬಾಗಿಸಿದಾಗ ಗರಿ ನಡುಗಿತು, ಬೀಳಲಿಲ್ಲ. ಜನ ಅತ್ತರು. ಗಿಣಿ ಬಂದು, ಅಕ್ಕ, ತಲೆ ಮೇಲೆ ಟೋಪಿ ಇರೋದೇ ಗೊತ್ತಾಗ್ಲಿಲ್ಲ ಎಂದು ಟೈಲರಕ್ಕನ ಕೈ ಹಿಡಿದುಕೊಂಡಳು. ನನಗಲ್ಲ, ಅವಳಿಗೆ ಹೇಳು ಎಂದು ಟೈಲರಕ್ಕ ಮಗಳ ಕಡೆ ತೋರಿಸಿದಳು.

ಮನೆಯ ದಾರಿಯಲ್ಲಿ ತಪ್ಪಾಯಿತು ಎಂದಳು ತಾಯಿ. ಟೋಪಿ ಹೇಗೆ ನಿಲ್ಲುತ್ತೋ ಅಂತ ನಾನು ಅಂದಿದ್ದೂ ನಿಜ ಅಲ್ವಾ, ಬಿಡಮ್ಮ ಎಂದಳು ಮಗಳು. ಸಿಟ್ಟಿನ ಮಾತಾಗಿರಲಿಲ್ಲ ಅದು.

ಟೈಲರಕ್ಕನಿಗೆ ಈಗ ಕೆಲಸಕ್ಕೆ ಒಳ್ಳೆಯ ಜೊತೆ ಸಿಕ್ಕಿದೆ. ಹೊಲಿಗೆಯಲ್ಲಿ ಮಗಳ ಕೈ ಅವಳದಕ್ಕಿಂತ ಗಟ್ಟಿ. ಆದರೆ ಏನೇ ಹೊಲಿದರೂ, ತಾಯಿಯ ರವಿಕೆಗೆ ಒಂದು ಗುಂಡಿ ಹಾಕಿದರೂ, ಕೊಡುವ ಮುಂಚೆ ಮಗಳು ಅವಳ ಮುಖ ನೋಡುತ್ತಾ ತಾನೇ ಎಳೆದು ತೋರಿಸುತ್ತಾಳೆ. ತಾಯಿ ಬೇಡ ಕಣೇ ಎನ್ನುವಷ್ಟರಲ್ಲಿ ಎಳೆದಾಗಿರುತ್ತದೆ.