ಬೆಲೆ ಏರಿಕೆ ಸೊನ್ನೆ

ಸಮೀಕ್ಷೆಗೆ ಬಂದ ಹುಡುಗಿ ಬಾಗಿಲಲ್ಲೇ ನಿಂತು ಕೇಳಿದಳು: “ಮೂರು ವರ್ಷದಲ್ಲಿ ಬೆಲೆ ಎಷ್ಟು ಏರಿದೆ ಅಕ್ಕಾ? ನೀವು ಹೇಳಿದ್ದನ್ನೂ ನೋಡ್ಕೊಂಡೇ ದೊಡ್ಡ ಬ್ಯಾಂಕಿನವರು ಬಡ್ಡಿ ಏರಿಸೋದು, ಇಳಿಸೋದು.”

ಮನೆಯಾಕೆ ಕುತ್ತಿಗೆಯ ಸುತ್ತ ಸೆರಗನ್ನು ಬಿಗಿಯಾಗಿ ಎಳೆದುಕೊಂಡು ತಲೆ ತಗ್ಗಿಸಿದಳು. ಉತ್ತರ ಗಂಡನಿಂದ ಬಂತು.

“ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೋಳು, ಅವಳಿಗೇನ್ರೀ ಗೊತ್ತು? ಹಣದುಬ್ಬರ ಅನ್ನೋದೆಲ್ಲ ಟಿವಿಯವರ ಬೊಗಳೆ. ಮೂರು ವರ್ಷದಿಂದ ಮನೆಖರ್ಚಿಗೆ ಅದೇ ಆರು ಸಾವಿರ ಕೊಡ್ತಿದ್ದೀನಿ. ಒಂದಿನಾನೂ ನನ್ನ ತಟ್ಟೆ ಖಾಲಿ ಇರ್ಲಿಲ್ಲ. ಸೊನ್ನೆ ಅಂತ ಬರ್ಕೊಳ್ಳಿ.”

ಹುಡುಗಿ ಬರೆದುಕೊಳ್ಳಲಿಲ್ಲ. “ಅಷ್ಟರಲ್ಲೇ ಹೆಂಗೆ ತೂಗಿಸ್ತೀರಕ್ಕಾ?”

“ಹೇಳೇ, ಬಾಯಿಗೇನು ಬೀಗ ಹಾಕ್ಕೊಂಡಿದ್ಯಾ?” ಎಂದು ಗಂಡ ಗದರಿದ.

ಅವಳು ಸೆರಗು ಸರಿಸಿದಳು. ಚಿನ್ನದ ತಾಳಿ ಇರಬೇಕಾಗಿದ್ದ ದಾರದಲ್ಲಿ ಒಂದು ಅರಿಶಿನದ ಕೊಂಬು ನೇತಾಡುತ್ತಿತ್ತು.