ಜೋಳದ ದಂಟಿನ ಲ್ಯಾಟಿನ್ ಗಿಡ

ನೆನೆಸಿದ ಜಾಲಿ ಅಂಟಿನ ವಾಸನೆ ಬಂದರೆ ಈಗಲೂ ಮುದ್ದೇಬಿಹಾಳದ ನಮ್ಮ ಶಾಲೆಯ ಆ ಮಧ್ಯಾಹ್ನ ನೆನಪಾಗುತ್ತದೆ.

"ಪೋರ್ಟ್ ಅಂದ್ರ ಲ್ಯಾಟಿನ್‌ನ್ಯಾಗ ಹೊರೋದು. ಇಂಪೋರ್ಟ್, ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್, ಎಲ್ಲಾ ಒಂದ ಬೇರಿನ ಟೊಂಗಿ," ಎಂದಿದ್ದರು ಇಂಗ್ಲಿಷ್ ಮಾಸ್ತರರು. ಅವರೆಂದರೆ ನನಗೆ ಜೀವ. ಶಾಲೆಯ ವಸ್ತುಪ್ರದರ್ಶನದ ಸ್ಪರ್ಧೆಗೆಂದು ಎಂಟು ದಿನ ಕೂತು, ಜೋಳದ ದಂಟಿನ ಸಿಪ್ಪೆ ಸೀಳಿ, ಆ ಪದಗಳ ಗಿಡವನ್ನು ಜಾಲಿ ಅಂಟಿನಿಂದ ರಟ್ಟಿನ ಮೇಲೆ ಬೇರುಸಹಿತ ಅಂಟಿಸಿದೆ. ಸಿಪ್ಪೆ ಕೊಯ್ದ ಬೆರಳಿಗೆ ಅವ್ವ ಅರಿಶಿನ ಹಚ್ಚಿದಳು.

ಬಹುಮಾನ ಕೊಡುವ ದಿನ ಮಧ್ಯಾಹ್ನ ನೋಡಿದರೆ, ಗಿಡದ ಕೆಳಗೆ ಮಾಸ್ತರರ ಅಕ್ಷರದಲ್ಲಿ ಅವರ ಮಗಳ ಹೆಸರಿತ್ತು.

"ಸರ್, ಇದು ನಂದರಿ..."

ಅವರು ನನ್ನ ತಲೆ ಸವರಿದರು. "ಆಕಿ ಸಣ್ಣಾಕಿ ಅದಾಳ, ಭಾರ ಆಗತೈತಿ. ಸ್ಟೇಜಿಗೆ ನೀನ ಹೊತ್ಕೊಂಡು ಬಾ. ಶಾಣ್ಯಾಕಿ ಅದಿ."

ಹೊತ್ತುಕೊಂಡು ಹೋದೆ. ಚಪ್ಪಾಳೆ ನಿಲ್ಲುವವರೆಗೂ ಅವಳ ಹಿಂದೆ ಅದನ್ನು ಹಿಡಿದುಕೊಂಡೇ ನಿಂತಿದ್ದೆ.