ಈಡುಗಾಯಿ

ಆಯುಧಪೂಜೆಯ ದಿನ. ಕಬ್ಬಿಣದ ತುಕ್ಕು ತೆಗೆಯುವ ಆಸಿಡ್ ಟ್ಯಾಂಕಿಗೆ ಹೊಸದಾಗಿ ಹಸಿರು ಬಣ್ಣ ಬಳಿದು, ಮುಂದೆ ದೊಡ್ಡ ರಂಗೋಲಿ ಬಿಡಿಸಿದ್ದರು. ತಪಾಸಣೆಗೆ ಬಂದಿದ್ದ ಎಂಜಿನಿಯರ್ ಟ್ಯಾಂಕಿನ ಬುಡಕ್ಕೆ ಮೀಟರ್ ಒತ್ತಿ ಹಿಡಿದಳು. ಅಂಕಿ ನೋಡಿ ಇನ್ನೊಮ್ಮೆ ಒತ್ತಿದಳು.

“ಎಂಟು ಮಿಲಿಮೀಟರ್ ಇರಬೇಕಾದ ಪ್ಲೇಟು ಈಗ ಒಂದು ಮಿಲಿಮೀಟರೂ ಇಲ್ಲ. ಆಸಿಡ್ ಒಳಗಿಂದ ತಿಂದುಹಾಕಿದೆ. ಈಗಲೇ ಖಾಲಿ ಮಾಡಿಸಿ, ಚೆನ್ನಿಗಪ್ಪನವರೇ.”

ಫೋರ್‌ಮನ್ ಚೆನ್ನಿಗಪ್ಪ ನಕ್ಕ. “ಇಪ್ಪತ್ತು ವರ್ಷದಿಂದ ಹಿಂಗೇ ನಿಂತೈತೆ ಮೇಡಂ. ವರ್ಷಾ ವರ್ಷಾ ನಾನೇ ಬಣ್ಣ ಹೊಡೀತೀನಿ. ಪೂಜೆ ಮುಗೀಲಿ, ನಾಳೆ ನೋಡಾಣ.”

“ಹಾಗಾದ್ರೆ ನಾಳೆವರೆಗೆ ಯಾರೂ ಇದನ್ನ ಮುಟ್ಟಬಾರದು.”

“ಯಾರ್ ಮುಟ್ತಾರೆ? ಯಜಮಾನ್ರು ಈಡುಗಾಯಿ ಹೊಡೆಯೋದೊಂದು ಬಾಕಿ, ಅಷ್ಟೆ.”

“ಎಲ್ಲಿಗೆ ಹೊಡೀತಾರೆ?”

ಅವನು ಬಾಯಿ ತೆರೆಯುವಷ್ಟರಲ್ಲಿ ಟ್ಯಾಂಕಿನ ಆಚೆ ಬದಿಯಿಂದ ಫಟ್ಟೆಂದು ಸದ್ದು ಬಂತು. ಹಿಂದೆಯೇ ಟ್ಯಾಂಕಿನ ಅಡಿಯಿಂದ ನೀರು ಸಣ್ಣಗೆ ಈಚೆಗೆ ಹರಿದು ಬಂತು.

“ಒಂದೇ ಏಟಿಗೆ ಒಡೀತು ನೋಡಿ,” ಚೆನ್ನಿಗಪ್ಪ ಕೈಮುಗಿದ. “ಕಾಯೊಳಗೆ ಎಷ್ಟೊಂದು ನೀರು!”

ನೀರು ಹರಿಯುತ್ತಾ ಬಂದು ರಂಗೋಲಿಯ ಅಂಚು ಮುಟ್ಟಿತು. ರಂಗೋಲಿ ಬುಸುಬುಸನೆ ನೊರೆಯುಕ್ಕಿ ಹೊಗೆಯಾಡತೊಡಗಿತು.